ನನ್ನ ಕಾಯಿಲೆಯ ಹೆಸರಲ್ಲಿ ಹಂಚಿದ ಗಂಜಿ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ವೈದ್ಯರಿಗೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾನು ಹೇಳಿದ ಮಾತು ಈಗ ಕೋರಮಂಡಲ್‌ನ ಗಣಿ ಕಾರ್ಮಿಕರ ಸಾಲುಮನೆಗಳ ಲೈನು ಲೈನಿನಲ್ಲೂ ಓಡಾಡುತ್ತಿದೆ. ಅದು ಹೊರಬಿದ್ದದ್ದು ನಿಮ್ಮ ಆಸ್ಪತ್ರೆಯ ಕಂಪ್ಯೂಟರಿನಿಂದ. ಗುಟ್ಟು ಗುಟ್ಟಾಗಿಯೇ ಉಳಿದಿದ್ದರೆ ನಾನು ಹೀಗೆ ಬಹಿರಂಗವಾಗಿ ಬರೆಯುತ್ತಿರಲಿಲ್ಲ. ಊರಿಗೆಲ್ಲ ಗೊತ್ತಾದ ಮೇಲೆ ಪತ್ರಿಕೆ ಓದುವವರಿಗೂ ಗೊತ್ತಾದರೆ ಹೋಗುವುದೇನು?

ನಾನು ಇಲ್ಲಿನ ಅಂಗನವಾಡಿ ಟೀಚರ್. ಕಳೆದ ವರ್ಷ ಹೆರಿಗೆಯಲ್ಲಿ ನನ್ನ ಮಗು ಉಳಿಯಲಿಲ್ಲ. ಆಮೇಲೆ ನಿದ್ದೆ ಹೋಯಿತು, ಊಟ ಸೇರದಾಯಿತು. ನಿಮ್ಮ ಊರಿಗಾಂ ಆಸ್ಪತ್ರೆ ನನಗೆ ಹತ್ತಿರವೇ. ಆದರೆ ಅಲ್ಲಿ ಹೆಸರು ನೋಂದಾಯಿಸುವ ಕೌಂಟರಿನಲ್ಲಿ ಕೂರುವವಳು ನನ್ನ ಓರಗಿತ್ತಿ ರಾಧಾಮಣಿ. ಮನೆಯವರಿಗೆ ತಿಳಿಯದಿರಲಿ ಎಂದೇ ರೈಲು ಹತ್ತಿ ಬಂಗಾರಪೇಟೆಯ ನಿಮ್ಮ ಇನ್ನೊಂದು ಶಾಖೆಗೆ ಹೋದೆ. ಅಲ್ಲಿನ ಮನೋವೈದ್ಯರು ಒಳ್ಳೆಯವರು, ಸಮಾಧಾನದಿಂದ ಕೇಳಿದರು. "ಬೇರೇರ ಮಕ್ಳನ್ನ ಕಂಡ್ರೆ ಒಂದೊಂದ್ಸಲ ತಡ್ಕೊಳಕ್ಕಾಗಲ್ಲ ಸಾರ್, ಒರಗಡೆ ಓಗಿ ಅತ್ತು ಬತ್ತೀನಿ" ಎಂದೆ. ನನ್ನ ಗಂಡನಿಗೂ ಹೇಳದ ಮಾತು ಅದು. ಅವರು ಅದನ್ನು ಕಂಪ್ಯೂಟರಿನಲ್ಲಿ ಬರೆದುಕೊಂಡರು. ಚಿಕಿತ್ಸೆಗೆ ಬೇಕಲ್ಲ, ಬರೆದುಕೊಳ್ಳಲಿ.

ನಮ್ಮದು ಕೂಡುಕುಟುಂಬ. ರೇಷನ್ನಿಗೆ, ಗ್ಯಾಸಿಗೆ, ಆಸ್ಪತ್ರೆಗೆ ಮನೆಯವರೆಲ್ಲ ಕೊಡುವುದು ನಮ್ಮ ಭಾವನವರ ಮೊಬೈಲ್ ನಂಬರನ್ನೇ. ಬಂಗಾರಪೇಟೆಯಲ್ಲೂ ಅಭ್ಯಾಸಬಲದಿಂದ ಅದನ್ನೇ ಹೇಳಿಬಿಟ್ಟೆ. ಕೆಲವು ದಿನಗಳ ನಂತರ ಅತ್ತೆಗೆ ಮಂಡಿನೋವು ಬಂತು. ರಾಧಾಮಣಿ ಊರಿಗಾಂನಲ್ಲಿ ಕೂತು ಆ ನಂಬರ್ ಒತ್ತಿದಳು. ನಿಮ್ಮ ಎರಡೂ ಶಾಖೆಗಳ ಕಡತ ಒಂದೇ ಕಂಪ್ಯೂಟರ್ ಜಾಲದಲ್ಲಿದೆಯೆಂದು ನನಗೇನು ಗೊತ್ತು? ಅತ್ತೆಯ ಹೆಸರಿನ ಕೆಳಗೆ ನನ್ನ ಹೆಸರೂ, ಅದರ ಪಕ್ಕ ಮನೋವೈದ್ಯ ವಿಭಾಗ ಎಂಬುದೂ ಕಾಣಿಸಿತು. ಕಣ್ಣಿಗೆ ಬಿದ್ದದ್ದಕ್ಕೆ ಅವಳನ್ನು ದೂರುವುದಿಲ್ಲ. ತೆರೆದು ಓದಿದಳಲ್ಲ, ಅದು ಅವಳ ತಪ್ಪು. ಓದಲು ಸಾಧ್ಯವಾಯಿತಲ್ಲ, ಅದು ನಿಮ್ಮದು. ಹೆಸರು ನೋಂದಾಯಿಸುವವರಿಗೆ ರೋಗಿಯ ಕಣ್ಣೀರಿನ ವಿವರ ಯಾಕೆ ಸ್ವಾಮಿ? ನಿಮ್ಮಲ್ಲಿ ಕೌಂಟರಿನವರು, ಔಷಧಿಯವರು, ಸ್ಕ್ಯಾನಿಂಗಿನವರು ಎಲ್ಲರೂ ಬಳಸುವುದು ಒಂದೇ ಪಾಸ್‌ವರ್ಡ್. ಅದನ್ನೂ ಚೀಟಿಯಲ್ಲಿ ಬರೆದು ಪರದೆಯ ಮೂಲೆಗೆ ಅಂಟಿಸಿದ್ದೀರಿ. ಸರದಿಯಲ್ಲಿ ನಿಂತ ನಾನೇ ಓದಿದ್ದೇನೆ.

ರಾಧಾಮಣಿ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಅವಳು ಓದಿ ಅತ್ತಳಂತೆ. ಅತ್ತು, ನನಗಾಗಿ ಮಾರಿಯಮ್ಮನಿಗೆ ಹರಕೆ ಹೊತ್ತಳು. ಅಮ್ಮನಿಗೆ ಮೀಸಲಾದ ಆಡಿ ತಿಂಗಳ ಶುಕ್ರವಾರ ಗುಡಿಯ ಮುಂದೆ ಕೊಳಗದ ತುಂಬ ರಾಗಿ ಗಂಜಿ ಕಾಯಿಸಿ ಹಂಚಿದಳು. ನಮ್ಮ ಕಡೆ ಗಂಜಿಗೆ ಕೈಯೊಡ್ಡುವವರು ಯಾರ ಹೆಸರಿನ ಹರಕೆ, ಏನು ಕಷ್ಟ ಎಂದು ಕೇಳುತ್ತಾರೆ. ಮುಚ್ಚಿಟ್ಟರೆ ಅಮ್ಮನಿಗೆ ಸಲ್ಲುವುದಿಲ್ಲ ಎಂದು ನಂಬಿಕೆ. "ನಮ್ಮ ಶಶಿರೇಖನ್ ಎಸರಲ್ಲಿ. ಮನ್ಸು ಕೆಟ್ಟೋಗೈತೆ. ಮಕ್ಳನ್ನ ಕಂಡ್ರೆ ಆಗಲ್ವಂತೆ ಪಾಪ, ತಾಯೇ ಕಾಪಾಡ್ಬೇಕು" ಎಂದು ಅವಳು ಪ್ರತಿ ಸೌಟಿಗೂ ಹೇಳಿದಳು. ಗಂಜಿ ಕುಡಿದವರಲ್ಲಿ ನನ್ನ ಅಂಗನವಾಡಿಯ ತಾಯಂದಿರೂ ಇದ್ದರು.

ಸೋಮವಾರ ಅರ್ಧಕ್ಕರ್ಧ ಮಕ್ಕಳು ಬರಲಿಲ್ಲ. ಕೂಲಿಗೆ ಹೋಗುವ ರೂಪಳ ಮನೆಗೆ ಹೋಗಿ ವಿಚಾರಿಸಿದೆ. "ಬೇಜಾರ್ ಮಾಡ್ಕಬೇಡಿ ಟೀಚರಮ್ಮಾ, ಮಗೀಗೆ ಕೆಮ್ಮು" ಎಂದಳು. ಮಗು ನಲ್ಲಿಯ ಹತ್ತಿರ ಕುಣಿದಾಡುತ್ತಿತ್ತು. ನನ್ನನ್ನು ಕಂಡು ಓಡಿಬಂತು. ಅದು ನನ್ನ ಸೆರಗು ಹಿಡಿಯುವ ಮೊದಲೇ ರೂಪ ಎತ್ತಿಕೊಂಡು ಒಳಗೆ ಹೋದಳು. ಆ ಅವಮಾನವನ್ನು ನಾನು ಇನ್ನೂ ನುಂಗಿಕೊಂಡಿಲ್ಲ. ಈಗ ಮೇಲ್ವಿಚಾರಕಿಯವರು, ಕೆಲಸಕ್ಕೆ ಯೋಗ್ಯಳೆಂದು ಆಸ್ಪತ್ರೆಯಿಂದ ಪ್ರಮಾಣಪತ್ರ ತರದಿದ್ದರೆ ಬೇರೆಯವರನ್ನು ನೇಮಿಸಬೇಕಾಗುತ್ತದೆ ಎಂದಿದ್ದಾರೆ.

ಹಾಗಾಗಿ ದೂರು ಹಿಡಿದು ನಿಮ್ಮ ಬಳಿ ಬಂದೆ. ನೆನಪಿದೆಯೇ? ನಾನು ಬಾಯಿ ತೆರೆಯುವ ಮೊದಲು ನೀವು ನನ್ನ ಕಡತ ತೆರೆದಿರಿ. ಓದಿ, ದನಿ ಮೆತ್ತಗೆ ಮಾಡಿಕೊಂಡು, "ಈಗ ನಿದ್ದೆ ಬರ್ತಿದೆಯಾ ಅಮ್ಮ?" ಎಂದಿರಿ. ನಾನು ದೂರು ಕೊಡಲು ಬಂದವಳು ಎಂದರೆ, "ಅವರು ಒಳ್ಳೇದಕ್ಕೇ ಮಾಡಿದ್ದಾರಲ್ವಾ?" ಎಂದಿರಿ. ನನ್ನ ದನಿ ಏರಿತು. ಏರದೆ ಇನ್ನೇನು? "ಡೋಸ್ ಬದಲಾಯಿಸಬೇಕಾ ಅಂತ ಡಾಕ್ಟರನ್ನ ಕೇಳೋಣ" ಎಂದಿರಿ. ಎಂಥ ಅನುಕೂಲ ನಿಮ್ಮದು! ನಾನು ಸಿಟ್ಟಾದರೆ ಅದು ರೋಗ. ಸುಮ್ಮನಿದ್ದರೆ ದೂರೇ ಇಲ್ಲ. ನಿಮ್ಮ ನೌಕರರ ತಪ್ಪಿಗೂ ನನಗೇ ಮಾತ್ರೆ.

ಬೇರೆ ಕಡೆ ಹೋಗಬಹುದಲ್ಲ ಎನ್ನುತ್ತೀರಾ? ನನ್ನ ಕೈಗೆಟಕುವ ಮನೋವೈದ್ಯರು ಇರುವುದು ನಿಮ್ಮಲ್ಲೇ. ಪ್ರಮಾಣಪತ್ರ ಕೊಡಬೇಕಾದವರೂ ನೀವೇ. ವೈದ್ಯರು ಬಂಗಾರಪೇಟೆಯಲ್ಲಿ ಬರೆದರೂ ಅದನ್ನು ಮುದ್ರಿಸಿ ಕೈಗೆ ಕೊಡುವುದು ಊರಿಗಾಂನಲ್ಲಿ, ರಾಧಾಮಣಿಯ ಕೌಂಟರಿನಲ್ಲಿ. ಮನೆಗೆ ಬಂದರೆ ಊಟಕ್ಕೆ ಬಡಿಸುವವಳೂ ಅವಳೇ. ಮಾತ್ರೆ ಬಿಟ್ಟರೆ ಊರಿನವರ ಮಾತೇ ನಿಜವಾದೀತೆಂದು ಭಯ. ಮಾತ್ರೆಗೆ ಬಂದರೆ ಊರಿನ ಬಾಯಿಗೆ ಇನ್ನಷ್ಟು ಸರಕು. ಯಾವ ಬಾಗಿಲಿಂದ ಹೊರಗೆ ಹೋಗಲಿ, ನೀವೇ ಹೇಳಿ.

ನನ್ನ ಬೇಡಿಕೆ ದೊಡ್ಡದಲ್ಲ. ನನ್ನ ಕಡತವನ್ನು ಯಾರು ಯಾರು ತೆರೆದರು ಎಂದು ನನಗೆ ಬರಹದಲ್ಲಿ ತಿಳಿಸಿ. ವೈದ್ಯರ ಟಿಪ್ಪಣಿ ವೈದ್ಯರಿಗಷ್ಟೇ ಕಾಣುವಂತೆ ಮಾಡಿ. ಆ ಚೀಟಿ ಕಿತ್ತು, ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಕೊಡಿ. ನನ್ನ ಪ್ರಮಾಣಪತ್ರದಲ್ಲಿ ಕೆಲಸಕ್ಕೆ ಯೋಗ್ಯಳೋ ಅಲ್ಲವೋ ಎಂಬುದರ ಹೊರತು ಇನ್ನೊಂದಕ್ಷರ ಬೇಡ. ಅದನ್ನು ವೈದ್ಯರೇ ನನ್ನ ಕೈಗೆ ಕೊಡಲಿ. ಮತ್ತು ದಯವಿಟ್ಟು, ಈ ಪತ್ರಕ್ಕೆ ಉತ್ತರ ಬರೆಯುವ ಮೊದಲು ನನ್ನ ಕಡತ ತೆರೆಯಬೇಡಿ. ಮಾತ್ರೆ ತಪ್ಪಿಸಿದ್ದಕ್ಕೇ ಈ ಸಿಟ್ಟೋ ಎಂದು ಅದರಲ್ಲಿ ಹುಡುಕುವಿರೆಂದು ಗೊತ್ತು; ಅದಕ್ಕೆ ಉತ್ತರವನ್ನು ಕೆಳಗೆ ಸಹಿಯ ಜೊತೆ ನಾನೇ ಬರೆದಿದ್ದೇನೆ.

ಇಂತಿ,
ಇಂದಿನ ಮಾತ್ರೆ ನುಂಗಿದ ಮೇಲೂ ಸಿಟ್ಟು ಇಳಿಯದ,
ಶಶಿರೇಖ
ಕೋರಮಂಡಲ್