ಗೋದಲಿಯಲ್ಲಿ ಹಸಿ ಹುಲ್ಲು

ಪುಟ್ಟೀ,

ಪಕ್ಕದೂರಿನ ಡೈರಿಯಲ್ಲಿ ಹಾಲು ಕರೆಯುವ ಕೆಲಸ ಸಿಕ್ಕಿದೆ, ಹೊರಟಿದ್ದೇನೆ. ಇವತ್ತು ಪರಿಹಾರದ ಸಾಹೇಬರು ಬರುತ್ತಾರೆ. ನಮ್ಮ ಹಸುಗಳೆಲ್ಲ ರೋಗಕ್ಕೆ ಸತ್ತದ್ದು ನಿಜವೇ ಎಂದು ಕಣ್ಣಾರೆ ನೋಡಿದ ಮೇಲೆಯೇ ಸರ್ಕಾರ ದುಡ್ಡು ಕೊಡುವುದಂತೆ. ಕೊಟ್ಟಿಗೆ ತೋರಿಸು, ಹೂಳಿದ ಜಾಗ ತೋರಿಸು. ಒಂದು ಲೋಟ ಟೀ ಕೊಡು. ಫೋನ್ ನೋಡುತ್ತಾ ಕೂತುಬಿಡಬೇಡ, ಆಮೇಲೆ ಅವರು ಎಷ್ಟು ಕೂಗಿದರೂ ನಿನಗೆ ಕೇಳಿಸುವುದಿಲ್ಲ.

ಇನ್ನೊಂದು ಮಾತು. ಅಮ್ಮ ಈಗಲೂ ದಿನಾ ಬೆಳಿಗ್ಗೆ ಹುಲ್ಲು ಕೊಯ್ದು ತಂದು ಗೋದಲಿಗೆ ಹಾಕುತ್ತಾಳೆ. ನೀನು ಏಳುವ ಮೊದಲೇ ನಾನು ತೆಗೆದುಬಿಡುತ್ತಿದ್ದೆ, ಅದಕ್ಕೇ ನಿನಗೆ ಗೊತ್ತಿಲ್ಲ. ನಿನ್ನೆ ರೇಗಿ ಕೇಳಿಯೇಬಿಟ್ಟೆ, "ಯಾರಿಗೆ ಕಣೇ ಇದು?"

"ಯಾರೂ ಇಲ್ಲ ಅಂತ ನಂಗೂ ಗೊತ್ತು ರೀ. ಕೈ ಕೇಳಲ್ಲ, ಏನ್ಮಾಡ್ಲಿ?" ಅಂದಳು.

ಹಸಿ ಹುಲ್ಲು ಕಂಡರೆ ಸಾಹೇಬರು, ಹಸುಗಳನ್ನು ಎಲ್ಲೋ ಬಚ್ಚಿಟ್ಟಿದ್ದೇವೆ ಅಂದುಕೊಂಡಾರು. ಇದ್ದದ್ದನ್ನು ಇದ್ದ ಹಾಗೆ ಹೇಳು. ನಂಬದಿದ್ದರೆ ದುಡ್ಡು ಹೋದರೆ ಹೋಗಲಿ, ನನ್ನ ರಟ್ಟೆ ಇನ್ನೂ ಗಟ್ಟಿಯಿದೆ.

ಇವತ್ತು ಆ ಹುಲ್ಲು ತೆಗೆಯಲು ನನಗೆ ಮನಸ್ಸು ಬರಲಿಲ್ಲ. ನೀನೂ ತೆಗೆಯಬೇಡ ಮಗಳೇ.

ಅಪ್ಪ