ಕಿತ್ತಳೆ ಜಾಕೆಟ್ಟಿನವಳು

ಸೆಪ್ಟೆಂಬರ್ 29, ಮಂಗಳವಾರ, ಬೆಳಗ್ಗೆ

ಕಾಫಿ ಆರಿಹೋಯಿತು. ಮತ್ತೆ ಬಿಸಿ ಮಾಡಿದೆ, ಅದೂ ಆರಿತು. ಕರಪತ್ರದ ಕೊನೆ ಕೂಡಿಬರುತ್ತಿಲ್ಲ. “ಹೆಣ್ಣಿನ ಮಾತನ್ನು ಹೆಣ್ಣೇ ಹೇಳಲಿ. ಅವಳ ಪರವಾಗಿ ಯಾರೂ ಹೇಳಬಾರದು.” ಇಲ್ಲಿಯವರೆಗೆ ಸರಿ. ಮುಂದೆ? ಲೈಬ್ರರಿಯ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ತುಂಬ ಹಳೆಯ ಮಹಿಳಾ ಸಂಘಗಳ ಕರಪತ್ರಗಳಿವೆ. ಅವು ಮುಗಿಯುವುದೇ ಮೇಜು ಗುದ್ದಿದ ಹಾಗೆ. ನನ್ನದು ಕೆಮ್ಮಿದ ಹಾಗೆ ಮುಗಿಯುತ್ತದೆ.

ನೆಲ್ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದಳು. ಈ ಮನೆಯಲ್ಲಿ ಹಾಗೆ ಹತ್ತುವವಳು ಅವಳೊಬ್ಬಳೇ. ಬಾಗಿಲು ತೆರೆಯುವ ಮೊದಲೇ ಗೊತ್ತಾಗುತ್ತದೆ. ನಮ್ಮ ಸೊರಾರಿಟಿಗೆ, ಅಂದರೆ ಕಾಲೇಜು ಹುಡುಗಿಯರು ಒಟ್ಟಿಗೆ ಒಂದೇ ಮನೆಯಲ್ಲಿರುವ ಈ ಸಂಘಕ್ಕೆ, ಹೊಸದಾಗಿ ಸೇರಿದ ಪ್ರತಿ ಹುಡುಗಿಗೂ ಒಬ್ಬ ಅಕ್ಕನನ್ನು ಗೊತ್ತು ಮಾಡುತ್ತಾರೆ. ನೆಲ್‌ಗೆ ನಾನು. ಮೊದಲು ಇದೆಲ್ಲ ಬರೀ ನಾಟಕ ಅನ್ನಿಸಿತ್ತು. ಈಗ ಎಲ್ಲಿಂದಾದರೂ “ಅಕ್ಕಾ” ಅಂತ ಕೇಳಿಸಿದರೆ ತಿರುಗಿ ನೋಡುತ್ತೇನೆ.

ನಿಂತುಕೊಂಡೇ ಓದಿದಳು.

“ಇಂಗ್ರಿಡ್ ಅಕ್ಕಾ, ಇದನ್ನ ಓದಿದ್ರೆ ಹುಡುಗರು ಪಾರ್ಟಿ ಮಾಡೋದನ್ನೇ ನಿಲ್ಲಿಸ್ತಾರೆ.”

“ನಿಲ್ಲಿಸ್ಲಿ ಬಿಡು.”

“ಅಯ್ಯೋ, ನಾನಿನ್ನೂ ಒಂದಕ್ಕೂ ಹೋಗಿಲ್ಲ ಕಣೇ!”

ನನ್ನ ಬಿಸ್ಕತ್ತು ಎತ್ತಿಕೊಂಡು ಹೋದಳು.

ಅಕ್ಟೋಬರ್ 1, ಗುರುವಾರ

ಗೆದ್ದೆವು!

ನಮ್ಮ ಮನೆಯಲ್ಲಿ ಒಂದು ತೊಟ್ಟು ಮದ್ಯವೂ ಇರಕೂಡದು ಅನ್ನುವುದು ಎಲ್ಲ ಸೊರಾರಿಟಿಗಳಿಗೂ ಮೇಲಿನಿಂದ ಬಂದ ನಿಯಮ. ಹುಡುಗರ ಇಂಥದೇ ಸಂಘಗಳಾದ ಫ್ರಟರ್ನಿಟಿಗಳ ಮನೆಗಳಿಗೆ ಆ ನಿಯಮ ಇಲ್ಲ. ಹಾಗಾಗಿ ಪಾರ್ಟಿ ಯಾವತ್ತೂ ಅವರಲ್ಲೇ. ಬಾಗಿಲು ಅವರದು, ಡ್ರಿಂಕ್ ಅವರದು, ಮೆಟ್ಟಿಲು ಅವರದು, ಮಹಡಿಯ ಕೋಣೆಯ ಚಿಲಕವೂ ಅವರದು. ನಾವು ಎಂದೆಂದಿಗೂ ಅತಿಥಿಗಳು. ಕುಡಿಯದೆ ಕಾವಲು ನಿಲ್ಲುವವರೂ ಇಷ್ಟು ದಿನ ಅವರ ಹುಡುಗರೇ ಆಗಿದ್ದರು. ಈ ಶನಿವಾರದಿಂದ ಮಹಡಿಯ ಮೆಟ್ಟಿಲ ಬುಡದಲ್ಲಿ ನಮ್ಮವಳೊಬ್ಬಳು ನಿಲ್ಲುತ್ತಾಳೆ, ರಸ್ತೆ ಕೆಲಸದವರು ತೊಡುವಂಥ ಕಿತ್ತಳೆ ಜಾಕೆಟ್ ತೊಟ್ಟು. ಮೊದಲನೆಯ ಸಲ ನಾನೇ.

ಓಕ್ ಬೀದಿಯ ಫ್ರಟರ್ನಿಟಿಯ ವೆಸ್ಲಿ ಒಪ್ಪಿದ. ಪಾರ್ಟಿಯಲ್ಲಿ ಅನಾಹುತ ಆಗದಂತೆ ನೋಡಿಕೊಳ್ಳಲು ಅವರಲ್ಲಿ ಅಪಾಯಕ್ಕೂ ಒಬ್ಬ ಮಂತ್ರಿ ಇರುತ್ತಾನೆ, ವೆಸ್ಲಿ ಆ ಮಂತ್ರಿ. “ನೀನು ಬೇರೆ ಹುಡುಗೀರ ಥರ ಕೂಗಾಡಲ್ಲ, ನಿನ್ ಜೊತೆ ಕೆಲಸ ಮಾಡಬಹುದು” ಅಂದ.

ಮನೆಗೆ ಬಂದು ಎಲ್ಲರಿಗೂ ಸನ್ನೆ ಕಲಿಸಿದೆ. ಸಹಾಯ ಬೇಕಾದರೆ ಕಿವಿ ಹಿಡಿದು ಎಳೆದುಕೊಳ್ಳಬೇಕು, ಜಾಕೆಟ್ಟಿನವಳು ಬರುತ್ತಾಳೆ. ಸನ್ನೆ ಇಲ್ಲದಿದ್ದರೆ ಅಡ್ಡ ಬರುವುದಿಲ್ಲ. ಯಾವ ಹೆಣ್ಣು ಯಾರ ಜೊತೆ ಹೋಗಬೇಕು ಅಂತ ತೀರ್ಮಾನಿಸಲು ನಾವೇನು ಅವರ ಅಜ್ಜಿಯರೇ?

ನೆಲ್ ಕೈಯೆತ್ತಿದಳು. “ಕಿವಿ ಸುಮ್ನೆ ಕಡಿದ್ರೆ?”

“ತಡ್ಕೋ.”

ಎಲ್ಲರೂ ನಕ್ಕರು. ನಾನೂ.

ಅಕ್ಟೋಬರ್ 3, ಶನಿವಾರ, ಸಂಜೆ

ಕಾಲು ನೋಯುತ್ತಿದೆ. ಆದರೂ ಒಳ್ಳೆಯ ದಿನ. ಫುಟ್‌ಬಾಲ್ ಪಂದ್ಯದ ದಿನವಾದ್ದರಿಂದ ಮಧ್ಯಾಹ್ನವೇ ಪಾರ್ಟಿ. ಹುಲ್ಲುಹಾಸಿನ ಮೇಲೆ ಸುಡು ಬಿಸಿಲು, ಕೆಂಪು ಲೋಟಗಳು, ಸುಟ್ಟ ಸಾಸೇಜಿನ ಹೊಗೆ. ಹಾಡಹಗಲು, ಯಾರಿಗೆ ಭಯ? “ಟ್ರಾಫಿಕ್ ಪೊಲೀಸ್ ಬಂದ್ಳಪ್ಪ, ಲೈಸೆನ್ಸ್ ತೋರಿಸ್ರೋ!” ಅಂತ ಒಬ್ಬ. ಇನ್ನೊಬ್ಬ ನನ್ನ ಮುಂದೆ ಎಡಕ್ಕೆ ಕೈ ತೋರಿಸಿ ತಿರುವು ತೆಗೆದುಕೊಂಡ. ನಗಲಿಲ್ಲ. ಸ್ವಲ್ಪ ನಕ್ಕೆ.

ಕಿವಿಯ ಸನ್ನೆ ಒಂದೇ ಒಂದು ಬಂತು. ಹೋಗಿ ಆ ಹುಡುಗಿಯನ್ನು ಕರೆತಂದೆ. ವಿಧಾನ ಕೆಲಸ ಮಾಡುತ್ತದೆ.

ನೆಲ್ ತನ್ನ ಕೆಮಿಸ್ಟ್ರಿ ಲ್ಯಾಬಿನ ಜೊತೆಗಾರ ಕೋಲ್ಬಿಯ ಜೊತೆ ಮಹಡಿಗೆ ಹೋದಳು. ಮುಖ ನೋಡಿದೆ. ಕಿವಿ ಮುಟ್ಟಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅದೇ ಸರಿ. ತಂಗಿ ಅಂತ ಅವಳಿಗೊಂದು ನಿಯಮ, ಉಳಿದವರಿಗೊಂದು ನಿಯಮ ಆಗಬಾರದು.

ಆಮೇಲೆ ವೆಸ್ಲಿ ಹಿತ್ತಲಿಗೆ ಕರೆದ. ಬೇರೆ ಫ್ರಟರ್ನಿಟಿಗಳಿಂದ ಬಂದವರಿಗೆ ಜಾಕೆಟ್ಟಿನ ವಿಚಾರ ವಿವರಿಸಬೇಕಿತ್ತು. ಚೆನ್ನಾಗಿ ಮಾತಾಡಿದೆ.

ಅಕ್ಟೋಬರ್ 4, ಭಾನುವಾರ

ನೆಲ್ ತಿಂಡಿಗೆ ಬರಲಿಲ್ಲ. ಊಟಕ್ಕೂ. ಬಾಗಿಲು ತಟ್ಟಿದೆ. “ನಿದ್ದೆ ಬರ್ತಿದೆ” ಅಂದಳು. ಅಕ್ಕಾ ಅನ್ನಲಿಲ್ಲ.

ಅಕ್ಟೋಬರ್ 7, ಬುಧವಾರ

ನೆಲಮಾಳಿಗೆಯ ವಾಷಿಂಗ್ ಮೆಷಿನ್ ಹತ್ತಿರ ಸಿಕ್ಕಳು. ಶನಿವಾರದ ಬಟ್ಟೆ. ಅದನ್ನೇ ಮತ್ತೆ ಮತ್ತೆ ಒಗೆಯುತ್ತಿದ್ದಾಳೆ ಅಂತ ಉಳಿದವರು ಹೇಳಿದ್ದರು. ಮೆಷಿನ್ನಿನ ಗಾಜನ್ನೇ ನೋಡುತ್ತ ಹೇಳಿದಳು. ಕೇಳಿದ ಹಾಗೇ ಬರೆಯುತ್ತೇನೆ.

“ಹೂಂ ಅನ್ನಲಿಲ್ಲ ಅಕ್ಕಾ ನಾನು. ಬೇಡ ಅಂದ್ನೋ ಇಲ್ವೋ ಗೊತ್ತಿಲ್ಲ. ನಾಲಿಗೇನೇ ಹೊರಳ್ತಿರಲಿಲ್ಲ. ಎಚ್ಚರ ಆದಾಗ ಶೂ ಹಾಕ್ಕೊಂಡಿದ್ದೆ. ಎಡಗಾಲಿಂದು ಬಲಗಾಲಿಗೆ ಇತ್ತು. ನಾನು ಹಾಗೆ ಹಾಕ್ಕೋತೀನಾ? ಬೇರೆ ಯಾರೋ ಹಾಕಿದಾರೆ.”

ಕೋಲ್ಬಿ ಸೋಮವಾರ ಲ್ಯಾಬಿನಲ್ಲಿ ಏನೂ ಆಗದವನಂತೆ ಅವಳ ಪ್ರನಾಳಗಳನ್ನು ತೊಳೆದುಕೊಟ್ಟನಂತೆ.

ಮೆಟ್ಟಿಲು ಹತ್ತಿದ್ದು ಅವಳಿಗೆ ನೆನಪಿಲ್ಲ. “ಏನೋ ಕಿತ್ತಳೆ ಬಣ್ಣ ನೆನಪಿದೆ, ಅಷ್ಟೆ. ನೀನು ಆಗ ಹಿತ್ತಲಲ್ಲಿದ್ದೆ ಅಲ್ವಾ? ಮೆಟ್ಟಿಲ ಹತ್ರ ಇದ್ದಿದ್ರೆ ತಡೀತಿದ್ದೆ.”

ಹೂಂ ಅಂದೆ.

ಒಂದು ಹೂಂ ಎಷ್ಟು ಸಲೀಸಾಗಿ ಬಾಯಿಂದ ಜಾರುತ್ತದೆ… ಒಳಗೆ ಏನೂ ಇಲ್ಲದೆ.

ಅಕ್ಟೋಬರ್ 8, ಗುರುವಾರ

ನೆಲ್ ದೂರು ಕೊಟ್ಟಳು. ಕಾಲೇಜಿನ ವಿಚಾರಣಾ ಕಚೇರಿಗೆ ಜೊತೆಗೆ ಹೋದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಹೋಗುವಾಗ ನನ್ನ ಕೈ ಹಿಂಡಿದಳು. “ಆ ಕರಪತ್ರ ನೀನು ಓದಿಸದೇ ಇದ್ದಿದ್ರೆ ನಂಗೆ ಇಲ್ಲಿಗೆ ಬರೋ ಧೈರ್ಯ ಇರ್ತಿರಲಿಲ್ಲ ಅಕ್ಕಾ.”

ಎದುರಿನ ಫಲಕದ ಮೇಲೆ ನನ್ನದೇ ಕರಪತ್ರ. ನಾನೇ ಅಂಟಿಸಿದ್ದು.

ಅಕ್ಟೋಬರ್ 16, ಶುಕ್ರವಾರ

ವಾರವಾಯಿತು, ಬರೆಯಲಿಲ್ಲ. ಪೆನ್ನು ಹಿಡಿದರೆ ಆ ಶನಿವಾರದ ಪುಟ ಕಣ್ಣಿಗೆ ಬೀಳುತ್ತದೆ. “ವಿಧಾನ ಕೆಲಸ ಮಾಡುತ್ತದೆ.” ಹರಿದು ಹಾಕಬೇಕು ಅನ್ನಿಸಿತು. ಹರಿಯಲಿಲ್ಲ.

ಇವತ್ತು ಕ್ಯಾಂಟೀನಿನಲ್ಲಿ ವೆಸ್ಲಿ ಟ್ರೇ ಹಿಡಿದುಕೊಂಡು ಬಂದು ಎದುರಿಗೇ ಕೂತ.

“ನಿನ್ನನ್ನ ಸಾಕ್ಷಿಗೆ ಕರೀತಾರೆ. ಕೋಲ್ಬಿ ನಿನ್ನ ಹೆಸರೇ ಕೊಟ್ಟಿದಾನೆ.”

“ಕೋಲ್ಬಿಗೆ ನಾನ್ಯಾಕೆ ಸಾಕ್ಷಿ?”

“ಯಾಕಂದ್ರೆ ನೀನಲ್ವಾ ಅಲ್ಲಿದ್ದೋಳು. ನೆಲ್ ಮನೆ ಹುಡುಗೀನೇ ನಿಂತಿದ್ಲು, ಮುಖ ನೋಡಿದ್ಲು, ದಾರಿ ಬಿಟ್ಲು ಅಂತ ಹೇಳಿದಾನೆ. ಸುಳ್ಳಾ?”

ನಾನು ಚಮಚ ಕೆಳಗಿಟ್ಟೆ.

“ಚೆನ್ನಾಗೇ ಇದ್ಲು ಅಂತ ಹೇಳು, ಮುಗೀತು. ತೂರಾಡ್ತಿದ್ಲು ಅಂದ್ಯೋ, ಹಾಗಿದ್ರೆ ಯಾಕಮ್ಮ ಬಿಟ್ಟೆ ಅಂತ ನಿನ್ನನ್ನೇ ಕೇಳ್ತಾರೆ. ಜಾಕೆಟ್ಟೂ ಹೋಗತ್ತೆ, ನೀನೂ ಹೋಗ್ತೀಯ. ಇಷ್ಟು ವರ್ಷಕ್ಕೆ ನಮ್ ಮನೆ ಒಳಗೆ ಬಂದು ನಿಂತಿರೋಳು ನೀನೊಬ್ಳೇ ಇಂಗ್ರಿಡ್. ಅದನ್ನ ಯಾಕೆ ಹಾಳು ಮಾಡ್ಕೋತೀಯ?”

ಅವನಿಗೆ ಒರಟಾಗಿ ಏನಾದರೂ ಅನ್ನಬೇಕಿತ್ತು. “ಯೋಚನೆ ಮಾಡ್ತೀನಿ” ಅಂದೆ. ಹೋಗುವಾಗ ನನ್ನ ತಟ್ಟೆಯನ್ನೂ ಅವನೇ ಎತ್ತಿಕೊಂಡು ಹೋದ. ಥ್ಯಾಂಕ್ಸ್ ಅಂದೆ! ಥೂ.

ಅಕ್ಟೋಬರ್ 18, ಭಾನುವಾರ, ಮಧ್ಯಾಹ್ನ

ಯಾರೂ ಓದದ ಪುಸ್ತಕ ಇದು. ಇಲ್ಲಾದರೂ ಸರಿಯಾಗಿ ಬರೆಯಬೇಕು.

ಕೋಲ್ಬಿ ಮುಂದೆ, ನೆಲ್ ಹಿಂದೆ. ಅವನು ಅವಳ ಮಣಿಕಟ್ಟು ಹಿಡಿದಿದ್ದ, ಕೈಯನ್ನಲ್ಲ. ಅವಳ ಇನ್ನೊಂದು ಕೈ ಗೋಡೆಯ ಮೇಲೆ. ಎರಡೆರಡು ಮೆಟ್ಟಿಲು ಹಾರುವ ಹುಡುಗಿ. ಒಂದು ಮೆಟ್ಟಿಲಿಗೆ ಎರಡೂ ಕಾಲು ಊರಿ, ನಿಂತು, ಮುಂದಿನದು ಎಲ್ಲಿದೆ ಅಂತ ಕಾಲಲ್ಲೇ ತಡಕಿ… ಆ ಮನೆಯಲ್ಲಿ ಅಷ್ಟು ಜನರಿದ್ದರು. ಅದರ ಅರ್ಥ ಗೊತ್ತಿದ್ದವಳು ನಾನೊಬ್ಬಳೇ. ದಿನಾ ಅವಳ ಹೆಜ್ಜೆ ಕೇಳುವವಳು ನಾನು.

ಗೊತ್ತಾಯಿತು. ಆಗಲೇ ಗೊತ್ತಾಯಿತು.

ನನ್ನ ಪಕ್ಕ ಬಂದಾಗ ನನ್ನನ್ನು ನೋಡಿದಳು. ನಕ್ಕಳು ಅಂದುಕೊಂಡಿದ್ದೆ. ನಗುವಲ್ಲ ಅದು, ತುಟಿ ಸಡಿಲಾಗಿತ್ತು. ನಾನು ಅವಳ ಕಿವಿ ನೋಡುತ್ತಿದ್ದೆ. ಕಿವಿ ಎಳೆದುಕೊಳ್ಳಬೇಕಾದ ಕೈಗಳಲ್ಲಿ ಒಂದು ಅವನ ಹಿಡಿತದಲ್ಲಿತ್ತು, ಇನ್ನೊಂದು ಗೋಡೆ ಬಿಟ್ಟಿದ್ದರೆ ಬೀಳುತ್ತಿದ್ದಳು. ಆ ಸನ್ನೆ ಮಾಡಬೇಕಾದರೆ ಮೈಮೇಲೆ ಪ್ರಜ್ಞೆ ಇರಬೇಕು. ಎಲ್ಲ ಓದಿದ್ದೆ, ಇಷ್ಟು ಹೊಳೆಯಲಿಲ್ಲ. ಸಹಾಯ ಕೇಳುವ ಶಕ್ತಿ ಇದ್ದವರಿಗೆ ಮಾತ್ರ ಸಹಾಯ ಸಿಗುವ ವಿಧಾನ ಮಾಡಿ, ಅದನ್ನು ಸ್ವಾತಂತ್ರ್ಯ ಅಂತ ಕರೆದೆ.

ಇನ್ನೂ ಇದೆ. ಅದನ್ನು ಬರೆಯುವುದೇ ಕಷ್ಟ.

ವೆಸ್ಲಿ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದ. ನಾನು ಏನು ಮಾಡುತ್ತೇನೆ ಅಂತ ನೋಡುತ್ತಿದ್ದ. “ನಿಲ್ಲು ನೆಲ್” ಅಂತ ಗಂಟಲವರೆಗೆ ಬಂತು. ಕೂಗಿದ್ದರೆ, ಅವನು ಹೇಳುವ ಆ ಕೂಗಾಡುವ ಹುಡುಗಿಯರಲ್ಲಿ ನಾನೂ ಒಬ್ಬಳಾಗುತ್ತಿದ್ದೆ. ಮೊದಲನೆಯ ದಿನವೇ. ಸಿದ್ಧಾಂತ ನೆನಪಾದದ್ದು ಆಮೇಲೆ, ಸರಿದು ನಿಂತ ಮೇಲೆ. ಓದಿದ್ದೆಲ್ಲ ಆಗ ಉಪಯೋಗಕ್ಕೆ ಬಂತು.

ಅಕ್ಟೋಬರ್ 20, ಮಂಗಳವಾರ

ವಿಚಾರಣಾಧಿಕಾರಿ ಮಿಸೆಸ್ ಹ್ಯಾಲೊರನ್. ಮೇಜಿನ ಮೇಲೆ ಟಿಶ್ಯೂ ಪೆಟ್ಟಿಗೆ ಇಟ್ಟಿದ್ದರು. ಮುಟ್ಟಲಿಲ್ಲ. ಅಳುವ ಹಕ್ಕು ಇವತ್ತು ನನಗಿಲ್ಲ.

“ನೆಲ್ ಮೆಟ್ಟಿಲ ಹತ್ರ ಬಂದಾಗ ಹೇಗಿದ್ಲು?”

ನೀರು ಕುಡಿದೆ. ನೀರಿನಲ್ಲೇ ಒಂದಿಷ್ಟು ಹೊತ್ತು ಮುಳುಗಿರಬಹುದಾಗಿದ್ದರೆ.

ಹೇಳಿದೆ. ಮಣಿಕಟ್ಟು, ಗೋಡೆ, ಒಂದೊಂದು ಮೆಟ್ಟಿಲಿಗೆ ಎರಡು ಕಾಲು.

“ಅವಳಿಗೆ ಸ್ವಾಧೀನ ಇಲ್ಲ ಅಂತ ನಿನಗೆ ಆಗಲೇ ಅನ್ನಿಸಿತಾ, ಈಗ ಯೋಚಿಸಿದಾಗ ಅನ್ನಿಸ್ತಿದೆಯಾ?”

“ಆಗಲೇ.”

“ಆದ್ರೂ ಸರಿದು ನಿಂತೆ.”

“ಹೌದು.”

ಯಾಕೆ ಅಂತ ಕೇಳಲಿ ಅಂತ ಕಾದೆ. ಅವರು ಕೇಳಲಿಲ್ಲ. ಕೇಳಿದ್ದರೆ ಬೈಸಿಕೊಂಡು ಹಗುರಾಗಬಹುದಿತ್ತು. ಬರೆದುಕೊಂಡರು. ಅಷ್ಟೇ.

ಏಳುವಾಗ ಅಂದರು: “ಈ ಹೇಳಿಕೆಯನ್ನ ಎರಡೂ ಕಡೆಯವರಿಗೆ ಓದೋಕೆ ಕೊಡ್ತೀವಿ. ಬಹುಶಃ ಗುರುವಾರ. ನೆಲ್‌ಗೂ.”

ಹೊರಗೆ ಬಂದು ಬೆಂಚಿನ ಎದುರಿನ ಫಲಕದಿಂದ ಕರಪತ್ರ ಕಿತ್ತೆ. ಮೂಲೆ ಹರಿದು, “ಬಾರದು” ಅನ್ನುವಷ್ಟು ಅಲ್ಲೇ ಅಂಟಿಕೊಂಡಿತು.

ಅಕ್ಟೋಬರ್ 21, ಬುಧವಾರ, ಸಂಜೆ

ಬೆಳಗ್ಗೆ ಕಾಲೇಜಿನವರು ಎರಡೂ ಮನೆಗಳ ಮುಖ್ಯಸ್ಥರಿಗಷ್ಟೇ ಕಾರಣ ತಿಳಿಸಿ ಜಾಕೆಟ್ ಕಾರ್ಯಕ್ರಮ ನಿಲ್ಲಿಸಿದರು. ವೆಸ್ಲಿಯ ಫೋನ್ ಬಂತು, ಎತ್ತಲಿಲ್ಲ. ನಮ್ಮ ಮನೆಯ ಅಧ್ಯಕ್ಷೆ ಪೇಟನ್ ಅಡುಗೆಮನೆಯಲ್ಲಿ ತಡೆದು ಕೇಳಿದಳು. “ನೀನೇ ನಮ್ಮ ಹೆಸರು ಕೆಡಿಸೋದಾ? ಹೇಳದೇ ಇರಬಹುದಿತ್ತು ಅಲ್ವೇನೇ?” ಇರಬಹುದಿತ್ತು. ಎರಡು ವಾರ ಇದ್ದೆನಲ್ಲ.

ನೆಲ್‌ಗೆ ಇನ್ನೂ ಗೊತ್ತಿಲ್ಲ. ನಾಳೆ ಕಾಗದದಲ್ಲಿ ಓದುವ ಮೊದಲು ನನ್ನ ಬಾಯಿಂದ ಕೇಳಬೇಕು. ಮಧ್ಯಾಹ್ನ ಅವಳ ಕೋಣೆಯವರೆಗೆ ಹೋಗಿ ವಾಪಸ್ ಬಂದೆ. ಒಳಗೆ ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದಳು. “ಒಬ್ಳೇ ಇಲ್ಲಮ್ಮ ನಾನು. ಇಂಗ್ರಿಡ್ ಅಕ್ಕ ಇದಾಳೆ.”

ಚೀಟಿ ಬರೆಯಲಾ ಅನ್ನಿಸಿತು. ಬೇಡ. ಬರೆದು ಬರೆದೇ ಇಲ್ಲಿಗೆ ಬಂದಿದ್ದೇನೆ. ಮೇಲೆ ಬಾ, ಮಾತಾಡಬೇಕು ಅಂತ ಮೆಸೇಜ್ ಮಾತ್ರ ಹಾಕಿದೆ. “ಬಂದೆ ಅಕ್ಕಾ. ಬಿಸ್ಕತ್ತು ಇದ್ಯಾ?” ಅಂತ ಉತ್ತರ. ಆ ಶನಿವಾರದ ನಂತರ ಅವಳು ಮಾಡಿದ ಮೊದಲ ತಮಾಷೆ.

ಜಾಕೆಟ್ ಕುರ್ಚಿಯ ಮೇಲಿದೆ. ಮುಚ್ಚಿಡಲು ಹೋದೆ, ಮತ್ತೆ ಅಲ್ಲೇ ಇಟ್ಟೆ. ಅವಳು ನೋಡಲಿ.

ಏನಂತ ಶುರು ಮಾಡಲಿ? ನೆಲ್, ಆವತ್ತು ನಾನು ಹಿತ್ತಲಲ್ಲಿರಲಿಲ್ಲ. ಅಷ್ಟೇ. ಅಲ್ಲಿಂದ ಶುರು. ಕ್ಷಮಿಸು ಅಂತ ಕೇಳಬಾರದು, ಅದೂ ಅವಳಿಂದ ಇನ್ನೊಂದು ಹೂಂ ಕೀಳುವ ದಾರಿ.

ಮೆಟ್ಟಿಲ ಮೇಲೆ ಹೆಜ್ಜೆ. ಯಾರದೋ ಅಂದುಕೊಂಡೆ. ಒಂದೊಂದೇ ಮೆಟ್ಟಿಲು, ನಿಧಾನ. ಅವಳದೇ. ಈಗ ಹೀಗೇ ಹತ್ತುತ್ತಾಳೆ.

ಬಾಗಿಲ ಹೊರಗೆ ನಿಂತಳು. ತಟ್ಟುತ್ತಿಲ್ಲ. ನಾನೇ ಎದ್ದು ಬಾಗಿಲು ತೆಗೆಯುತ್ತೇನೆ.