ಕರಡಿಹಾಳದ ಎಂಟು ಮೈಲಿ

ಹುಣಸಿಗುಡ್ಡ ಸ್ಟೇಷನ್,
ಇಸವಿ ೨೧೯೪, ಹದಿಮೂರನೆಯ ತಿಂಗಳು, ಒಂಬತ್ತನೆಯ ದಿನ

ನನ್ನ ಹಿರಿಯರೇ,

ತಾರೀಖು ನೋಡಿ ಇದು ತಲೆಕೆಟ್ಟವಳ ಕಾಗದ ಎಂದು ಮಡಿಸಿಡಬೇಡಿ. ನಿಮ್ಮ ಪಂಚಾಂಗದಲ್ಲಿ ಈ ತಿಂಗಳಿಲ್ಲ. ಬೇಸಿಗೆಯ ಅತಿ ಕೆಟ್ಟ ನಲವತ್ತು ದಿನಗಳನ್ನು ನಾವು ಬೇರೆಯೇ ಎಣಿಸುತ್ತೇವೆ, ಉರಿಮಾಸ ಎನ್ನುತ್ತೇವೆ. ಆಗ ಬಯಲಿಗಿಳಿದವರು ಒಂದು ಮೈಲಿ ನಡೆದರೆ ಹೆಚ್ಚು. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಂದಂಚೆಯಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನದು ಇದು. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ.

ನನ್ನ ಹೆಸರು ರಾಚವ್ವ. ನೀವು ಮುಚ್ಚಿದ ರೈಲುದಾರಿಯನ್ನು ಕೂಲಿಯಿಲ್ಲದೆ, ತಾವಾಗಿ ಬಂದು ಮತ್ತೆ ಕಟ್ಟುತ್ತಿರುವ ಹಳಿಮಂದಿಗೆ ನಾನು ಮುಖ್ಯಸ್ಥೆ. ಉರಿಮಾಸದಲ್ಲಿ ಡಾಂಬರು ಕರಗಿ ಗಾಲಿ ಹಿಡಿಯುತ್ತದೆ. ಹಳಿಯ ಮೇಲಾದರೆ ನೆರಳುಗಾಡಿ ಓಡುತ್ತದೆ. ಒದ್ದೆ ಗೋಣಿಯ ಗೋಡೆಗಳಿರುವ ಈ ಗಾಡಿಯನ್ನು ನಾಲ್ವರು ಒಳಗೇ ಕೂತು ತುಳಿಯುತ್ತಾರೆ. ನೀರು, ಔಷಧಿ ಎರಡೂ ಇರುವುದು ಹೊಳೆಸಾಲಿನಲ್ಲಿ ಮಾತ್ರ. ಅಲ್ಲಿಂದ ಹುಣಸಿಗುಡ್ಡಕ್ಕೆ, ಮುಂದೆ ಎಂಟು ಮೈಲಿಯಾಚೆಯ ಕರಡಿಹಾಳಕ್ಕೆ ಗಾಡಿ ಮುಟ್ಟಿಸುವುದು ನಮ್ಮ ಪಣವಾಗಿತ್ತು.

ಮೊದಲು ಬಂದವರು ಕರಡಿಹಾಳದವರೇ. ಮೌಲಪ್ಪ, ಅವನ ಹೆಂಡತಿ ನಿಂಬೆವ್ವ, ಅವರ ಹಿಂದೆ ಹನ್ನೊಂದು ಜನ. ಆದ್ದರಿಂದ ಆ ಕಡೆಯಿಂದಲೇ ಕೆಲಸ ಹಿಡಿದೆವು. ಜಾಲಿಯ ಬೇರು ಹಳಿಯಡಿಯ ಸ್ಲೀಪರುಗಳನ್ನು ಸೀಳಿಕೊಂಡು ಬೆಳೆದಿತ್ತು. ಜಲ್ಲಿಯನ್ನು ಬುಟ್ಟಿ ಬುಟ್ಟಿ ಜರಡಿಯಾಡಿದೆವು. ಕಾವಿಗೆ ಹಳಿ ಉಬ್ಬಿ ಸೊಟ್ಟಗಾಗದಂತೆ ತುದಿಗಳ ನಡುವೆ ಎಷ್ಟು ಸಂದು ಬಿಡಬೇಕೆಂದು ಮೌಲಪ್ಪ ಕಣ್ಣಳತೆಯಲ್ಲೇ ಹೇಳುತ್ತಿದ್ದ. ಕರಡಿಹಾಳದ ಸ್ಟೇಷನ್ನಿಗೆ ನಿಂಬೆವ್ವ ತಾನೇ ನಿಂತು ಸುಣ್ಣ ಬಳಿಸಿದಳು. ಐದು ವರ್ಷ ಹಿಡಿಯಿತು.

ಹುಣಸಿಗುಡ್ಡದಿಂದ ಹೊಳೆಸಾಲಿನವರೆಗೆ ಏಳೂವರೆ ಮೈಲಿ ಮಾತ್ರ ಬೋಳು ದಿಬ್ಬ. ಅಲ್ಲಿಯ ಹಳಿಯನ್ನು ನಿಮ್ಮ ಕಾಲದವರು ಕಿತ್ತು ಗುಜರಿಗೆ ಹಾಕಿದ್ದರು. ಹೊಸ ಹಳಿ ಎರಕ ಹೊಯ್ದು ಕೊಡುತ್ತೇವೆಂದಿದ್ದ ಕರಾವಳಿಯ ಕುಲುಮೆ ಆರನೆಯ ವರ್ಷ ಆರಿಹೋಯಿತು.

ಹುಣಸಿಗುಡ್ಡದ ಸುತ್ತ ಎರಡು ಸಾವಿರ ಜನ. ಕರಡಿಹಾಳದಲ್ಲಿ ನೂರಾ ಹತ್ತು. ಪ್ಲಾಟ್‌ಫಾರ್ಮಿನ ಮೇಲೆ ಸಭೆ ಕರೆದು, ಕರಡಿಹಾಳದ ಹಳಿ ತೆಗೆದು ಈ ಕಡೆ ಹಾಸಬೇಕೆಂದು ನಾನೇ ಹೇಳಿದೆ. ಯಾರೂ ಮೌಲಪ್ಪನ ಮುಖ ನೋಡಲಿಲ್ಲ.

ನಿಂಬೆವ್ವ ಸೆರಗಿನಿಂದ ಕೈ ಒರೆಸಿಕೊಂಡು, "ತಕ್ಕಡಿಗೆ ಹಾಕಿದ್ರ ನಾವು ಹಗುರಾನ ಆಗ್ತೀವಿ ಬಿಡ್ರಿ," ಎಂದಳು.

ಮರುದಿನ ಸ್ಪ್ಯಾನರ್ ಹಿಡಿದು ಹೋದರೆ ಮೌಲಪ್ಪ ಆಗಲೇ ಹಳಿಯ ಮೇಲೆ ಕೂತಿದ್ದ. "ಅಕ್ಕಾರ, ನಿಮ್ಮ ಕೈಯಾಗ ನಟ್ಟು ಹಾಳಾಗ್ತಾವು. ಹಾಕಿದಾಂವ ನಾನು, ನಾನೇ ಬಿಚ್ತೀನಿ," ಎಂದ. ಎಂಟು ಮೈಲಿಯನ್ನೂ ಅವನೇ ಬಿಚ್ಚಿದ.

ಕರಡಿಹಾಳದವರಿಗೆಲ್ಲ ಇಲ್ಲಿಗೇ ಬಂದುಬಿಡಿ ಎಂದೆವು. ಮುಕ್ಕಾಲು ಪಾಲು ಬಂದರು. ಮುದುಕರು ಕುರಿ ಬಿಟ್ಟು ಬರಲೊಲ್ಲೆವು ಎಂದರು. ಅವರ ಮನವೊಲಿಸಿ ಕರೆತರಲು ನಿಂಬೆವ್ವ ಹೋದಳು. ಅವರು ಹೊರಡುವ ಮುಂಚೆ, ನೀರು ಕೂಡಿಟ್ಟುಕೊಳ್ಳುವ ಮುಂಚೆ, ಆ ವರ್ಷ ಉರಿಮಾಸ ಹನ್ನೊಂದು ದಿನ ಮೊದಲೇ ಬಂತು.

ಮೊದಲ ನೀರುಗಾಡಿಯನ್ನು ಹೊಳೆಸಾಲಿನಿಂದ ತುಳಿದು ತಂದವರಲ್ಲಿ ಮೌಲಪ್ಪನೂ ಒಬ್ಬ. ಜನ ಕೊಡ ಹಿಡಿದು ಗಾಡಿಗೆ ಮುತ್ತಿಕೊಂಡಿದ್ದರು. ಅವನು ಇಳಿದವನೇ, "ನಿಂಬಿ ಬಂದಳೇನ್ರಿ?" ಎಂದು ಕೇಳಿದ. ಇಲ್ಲವೆಂದೆ. ಕಂಬಳಿ ತೋಯಿಸಿ ಹೊದ್ದು, ಎರಡು ಕ್ಯಾನು ಹೆಗಲಿಗೇರಿಸಿ ಹೊರಟ. ಅರ್ಧ ಮೈಲಿಯಲ್ಲಿ ಬಿದ್ದವನನ್ನು ಹೊತ್ತು ತಂದೆವು. ಎಚ್ಚರವಾದೊಡನೆ ಮತ್ತೆ ಎದ್ದ. ಆಗ ಅವನನ್ನು ಪಾರ್ಸಲ್ ಕೋಣೆಗೆ ತಳ್ಳಿ ಬೀಗ ಹಾಕಿದವಳು ನಾನು.

"ಅಕ್ಕಾರ, ಬಾಗ್ಲಾ ತಗೀರಿ. ಎಂಟು ಮೈಲಿ ಐತಿ, ಅಷ್ಟ ಐತಿ."

ಮೂರು ದಿನ ಬಾಗಿಲು ಬಡಿದ. ಕಿಟಕಿಯಿಂದ ನೀರು, ರೊಟ್ಟಿ ಕೊಟ್ಟೆ. ಬೀಗ ತೆಗೆಯಲಿಲ್ಲ.

ಉರಿಮಾಸ ಇಳಿದ ಮೇಲೆ ಬರಿ ಜಲ್ಲಿಯ ಮೇಲೆ ಇಬ್ಬರೂ ನಡೆದು ಹೋದೆವು. ಊರಿನಲ್ಲಿ ತಂಪಿದ್ದುದು ಸ್ಟೇಷನ್ ಒಂದೇ. ನಿಂಬೆವ್ವ ಸೇರಿ ಇಪ್ಪತ್ತಾರು ಜನರೂ ಅದರ ಒಳಗೆ, ಗೋಡೆಗೊರಗಿ ಕೂತಲ್ಲೇ ಜೀವ ಬಿಟ್ಟಿದ್ದರು. ಕೊನೆಯ ಕೊಡದ ಬಾಯಿಗೆ ಬಟ್ಟೆ ಕಟ್ಟಿತ್ತು. ಅದು ಅವಳ ತೊಡೆಯ ಮೇಲಿತ್ತು. ಕೊಡ ಬರಿದಾಗಿತ್ತು.

ಇದು ಎರಡು ವರ್ಷದ ಹಿಂದಿನ ಮಾತು. ಹುಣಸಿಗುಡ್ಡ ಬದುಕಿದೆ. ಈ ವರ್ಷ ಇಲ್ಲಿ ಹದಿನಾಲ್ಕು ಹೆರಿಗೆಗಳಾದವು, ಒಂದು ಕೂಸೂ ಹೋಗಲಿಲ್ಲ. ಮೌಲಪ್ಪ ನೆರಳುಗಾಡಿ ತುಳಿಯುತ್ತಾನೆ. ನನ್ನನ್ನು ಕೈ ಹಿಡಿದು ಹತ್ತಿಸುತ್ತಾನೆ, ಆದರೆ ಮಾತಾಡುವುದಿಲ್ಲ. ಮತ್ತೆ ಅಂಥ ಸಭೆ ಬಂದರೆ ನಾನು ಅದನ್ನೇ ಹೇಳುತ್ತೇನೆಂದು ಅವನಿಗೂ ಗೊತ್ತು. ನನಗೆ ನಿದ್ದೆ ಕೆಡಿಸುವುದೂ ಅದೇ.

ಹಿರಿಯರೇ, ನಿಮ್ಮೂರ ಹೊರಗೊಂದು ಪಾಳು ಸ್ಟೇಷನ್ ಇರಬಹುದು. ಅಲ್ಲಿ ಕಳೆ ಬೆಳೆಯಲಿ, ಹಳಿಗೆ ತುಕ್ಕು ಹಿಡಿಯಲಿ. ನೀವು ರೈಲು ಓಡಿಸದಿದ್ದರೂ ಸರಿ. ಕೀಳಲು ಬಂದವರ ಎದುರು ಒಂದು ದಿನ ನಿಂತುಕೊಳ್ಳಿ. ಏಳೂವರೆ ಮೈಲಿ ಉಳಿಸಿಕೊಟ್ಟರೆ ಸಾಕು.

ಅಂಚೆಗೆ ಹಾಕುವ ಮೊದಲು ಈ ಕಾಗದವನ್ನು ಮೌಲಪ್ಪನಿಗೆ ಓದಿ ಹೇಳಿದೆ. ಆಮೇಲೆ, ಎರಡು ವರ್ಷದಲ್ಲಿ ಮೊದಲ ಸಲ ನನ್ನೊಡನೆ ಮಾತಾಡಿದ.

"ಉಳಿದ ಇಪ್ಪತ್ತೈದು ಮಂದಿ ಹೆಸರೂ ಬರೀರಿ. ನಾ ಹೇಳ್ತೀನಿ."

ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ದಯವಿಟ್ಟು ತಿರುಗಿಸಿ ಓದಿ.

ನಿಮ್ಮ
ರಾಚವ್ವ